ಸೇವಾ ಪುಸ್ತಕದ ಸಾಕ್ಷ್ಯ

ನಾಡಿನ ಚರಿತ್ರೆಯನ್ನು ಶಾಸನಗಳಲ್ಲಿ ಅರಸುವವರುಂಟು, ಬಖೈರುಗಳಲ್ಲಿ ಅರಸುವವರುಂಟು. ಸರಕಾರಿ ನೌಕರನ ಸೇವಾ ಪುಸ್ತಕವನ್ನು ಆ ದೃಷ್ಟಿಯಿಂದ ತೆರೆದು ನೋಡುವವರು ವಿರಳ. ಹುಟ್ಟಿದ ತಾರೀಖು, ನೇಮಕ, ವರ್ಗಾವಣೆ, ರಜೆ, ಬಡ್ತಿ, ದಂಡನೆ: ಇಷ್ಟೇ ಅದರ ವಸ್ತು. ಆದರೆ ರಾಜ್ಯವೊಂದು ತನ್ನ ಸೇವಕರನ್ನು ನ್ಯಾಯವಾಗಿ ನಡೆಸಿಕೊಂಡಿತೇ ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯವನ್ನು ನಾನು ಕಾಣೆ.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಆ ಸಂಭ್ರಮವನ್ನು ನಾವೆಲ್ಲ ಬಲ್ಲೆವು. ಅದೇ ದಿನ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ನೌಕರರೂ ಒಂದೇ ಸೂರಿನಡಿ ಬಂದರು. ಮೈಸೂರಿನ ಅಮಲ್ದಾರ, ಮುಂಬಯಿಯ ಮಾಮಲೇದಾರ, ಹೈದರಾಬಾದಿನ ತಹಸೀಲ್ದಾರ ಇವರೆಲ್ಲ ಸಮಾನರೇ? ಇವರಲ್ಲಿ ಹಿರಿಯರು ಯಾರು, ಕಿರಿಯರು ಯಾರು?

ಇಂಥ ತೊಡಕು ಬರುವುದೆಂದು ಮೊದಲೇ ಅರಿತು, 1956ರ ಮೇ ತಿಂಗಳಿನಲ್ಲಿ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳು ದೆಹಲಿಯಲ್ಲಿ ಸಭೆ ಸೇರಿದ್ದರು. ಹುದ್ದೆಯ ಕರ್ತವ್ಯ, ಅಧಿಕಾರ ಮತ್ತು ಹೊಣೆ, ಬೇಕಾದ ವಿದ್ಯಾರ್ಹತೆ, ಸಂಬಳ ಎಂಬ ನಾಲ್ಕು ಅಂಶಗಳ ಮೇಲೆ ಹುದ್ದೆಗಳನ್ನು ಸರಿದೂಗಿಸಬೇಕೆಂದು ಅಲ್ಲಿ ಒಪ್ಪಿದರು. ರಾಜ್ಯ ಪುನರ್ವಿಂಗಡಣಾ ಕಾಯಿದೆಯ 115ನೆಯ ಪ್ರಕರಣವೂ ನೌಕರರಿಗೆ ರಕ್ಷಣೆಯಿತ್ತಿತು: ಕೇಂದ್ರದ ಪೂರ್ವಾನುಮತಿಯಿಲ್ಲದೆ ಅವರ ಸೇವಾ ಷರತ್ತುಗಳನ್ನು ಅವರಿಗೆ ಹಾನಿಯಾಗುವಂತೆ ಬದಲಿಸುವ ಹಾಗಿಲ್ಲ. ತತ್ತ್ವವೇನೋ ಸರಿಯಾಗಿತ್ತು. ಆದರೆ ಯಾರು ಎಂದಿನಿಂದ ಯಾವ ಹುದ್ದೆಯಲ್ಲಿದ್ದರು ಎಂಬುದನ್ನು ತತ್ತ್ವ ಹೇಳಲಾರದು. ಅದನ್ನು ಹೇಳಬೇಕಾದದ್ದು ದಾಖಲೆ. ಜ್ಯೇಷ್ಠತಾ ಪಟ್ಟಿಗಳ ವಿವಾದ ವರ್ಷಗಟ್ಟಲೆ ನ್ಯಾಯಾಲಯಗಳನ್ನು ಸುತ್ತಿತು. ತಮ್ಮ ಸ್ಥಾನ ಯಾವುದೆಂದು ತಿಳಿಯುವ ಮೊದಲೇ ನಿವೃತ್ತರಾದವರೂ ಉಂಟು.

ಈ ಮಾತು ನನಗೆ ಪುಸ್ತಕದಿಂದ ಮಾತ್ರ ಬಂದುದಲ್ಲ. ನನ್ನ ತಂದೆ ನಿಜಾಮನ ಕಾಲದಲ್ಲಿ ಗುಮಾಸ್ತರಾಗಿ ಸೇರಿದವರು. ಅಲ್ಲಿ ಆಡಳಿತದ ಭಾಷೆ ಉರ್ದು, ಕಾಲಗಣನೆ ಫಸಲಿ. ಅವರ ಜನ್ಮದಿನ 1330ನೆಯ ಫಸಲಿಯ ತೀರ್ ಮಾಸದಲ್ಲಿ ದಾಖಲಾಗಿತ್ತು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿತ್ತು. ಆದುದರಿಂದ ಅದನ್ನು ಇಂಗ್ಲಿಷ್ ವರ್ಷಕ್ಕೆ ತಿರುಗಿಸುವಾಗ ಡಿಸೆಂಬರಿನವರೆಗೆ 590ನ್ನು, ಅಲ್ಲಿಂದಾಚೆಗೆ 591ನ್ನು ಕೂಡಿಸಬೇಕು. ತೀರ್ ಮಾಸ ಬರುವುದು ಬೇಸಿಗೆಯಲ್ಲಿ, ಆಗಬೇಕಾದದ್ದು 1921. ಹೊಸ ಸೇವಾ ಪುಸ್ತಕಕ್ಕೆ ನಕಲಿಳಿಸಿದ ಯಾರೋ ಒಬ್ಬರು 590ನ್ನೇ ಕೂಡಿಸಿ 1920 ಎಂದು ಬರೆದರು. ಒಂದಂಕಿಯ ತಪ್ಪು! ತಂದೆ ಒಂದು ವರ್ಷ ಮುಂಚಿತವಾಗಿ ಮನೆಗೆ ಬಂದರು. ಆಗ ನಾವು ಮೂವರು ಮಕ್ಕಳು ಇನ್ನೂ ಓದುತ್ತಿದ್ದೆವು.

ಸೇವಾ ಪುಸ್ತಕವನ್ನು ವರ್ಷಕ್ಕೊಮ್ಮೆ ನೌಕರನಿಗೆ ತೋರಿಸಿ ರುಜು ಪಡೆಯಬೇಕೆಂಬುದು ನಿಯಮ. ತಂದೆ ತಮ್ಮ ಪುಸ್ತಕವನ್ನು ಕಂಡದ್ದು ನಿವೃತ್ತಿಯ ಆದೇಶ ಕೈಸೇರಿದ ಮೇಲೆ. ಅವರು ಯಾರನ್ನೂ ಹಳಿಯಲಿಲ್ಲ. "ತಪ್ಪು ಬರೆದಾರಂತ ನನಗ ಸಿಟ್ಟಿಲ್ಲ. ಬರೆದದ್ದನ್ನ ಒಮ್ಮೆ ನನಗ ತೋರಿಸಬೇಕಿತ್ತು" ಎಂದಷ್ಟೇ ನುಡಿದರು.

ಸುಶಾಸನದ ಮೇಲೆ ಬಂದಿರುವ ಎಷ್ಟೋ ಗ್ರಂಥಗಳ ಸಾರ ಈ ಮಾತಿನಲ್ಲಿದೆಯೆಂದು ನನಗೆ ತೋರುತ್ತದೆ. ದಾಖಲೆ ಬರೆಯುವ ಕೈ ತಪ್ಪಬಹುದು, ಅದು ಮನುಷ್ಯಸಹಜ. ಯಾರ ಬದುಕು ಅದರಲ್ಲಿ ಅಡಗಿದೆಯೋ ಅವನ ಕಣ್ಣಿಗೆ ಅದು ಬಿದ್ದರೆ ತಪ್ಪು ಅಲ್ಲಿಯೇ ತಿದ್ದಿಹೋಗುತ್ತದೆ. ಬೀಳದಿದ್ದರೆ ಆ ತಪ್ಪೇ ಕಾಲಕ್ರಮದಲ್ಲಿ ಸತ್ಯದ ಪೀಠವನ್ನೇರುತ್ತದೆ. ಅರ್ಹತೆ ಇದ್ದೆಡೆ ವಶೀಲಿ ಬಂದು ಕೂಡುವುದೂ ಇಂಥ ಕತ್ತಲೆಯಲ್ಲಿಯೇ.

ಈಗ ಕರ್ನಾಟಕದ ನೌಕರರ ವೇತನ ಮತ್ತು ಸೇವಾ ವಿವರಗಳು ಎಚ್.ಆರ್.ಎಂ.ಎಸ್. ಎಂಬ ಗಣಕವ್ಯವಸ್ಥೆಗೆ ಸೇರಿವೆ. 2005ರ ಮಾಹಿತಿ ಹಕ್ಕು ಕಾಯಿದೆಯೂ ನಮಗಿದೆ. ಇವು ಸಣ್ಣ ಗಳಿಕೆಗಳಲ್ಲ. ಆದರೆ ಗಣಕಯಂತ್ರವೂ ತನಗೆ ಕೊಟ್ಟದ್ದನ್ನೇ ನಂಬುವ ನಕಲುಗಾರ. 590 ಎಂದು ಕೊಟ್ಟರೆ 590ನ್ನೇ ಕೂಡಿಸುತ್ತದೆ. ಬರೆದದ್ದನ್ನು ಸಂಬಂಧಪಟ್ಟವನಿಗೆ ತೋರಿಸುವ ಹಳೆಯ ಧರ್ಮವನ್ನು ಮನುಷ್ಯರಾದ ನಾವೇ ಪಾಲಿಸಬೇಕು.