ಕುರಿಕ್ಯಾಲದ ಬೊಮ್ಮಲಗುಟ್ಟ: ಪಂಪನ ತಮ್ಮ ಬರೆಸಿದ ಬಂಡೆ

ಕನ್ನಡದ ಆದಿಕವಿ ಪಂಪನ ಮನೆತನದ ವಿವರಗಳನ್ನು ಹೇಳುವ ಬಹುಮುಖ್ಯ ಶಾಸನವೊಂದು ಇಂದಿನ ಕರ್ನಾಟಕದ ಗಡಿಯಿಂದ ಬಹುದೂರದಲ್ಲಿ, ತೆಲಂಗಾಣದ ಒಂದು ಹಳ್ಳಿಯ ಗುಡ್ಡದ ಮೇಲಿದೆ. ಕರೀಂನಗರದಿಂದ ಜಗಿತ್ಯಾಲದ ಕಡೆಗೆ ಹೋಗುವ ದಾರಿಯಲ್ಲಿ ಗಂಗಾಧರ ಎಂಬ ಊರು ಸಿಗುತ್ತದೆ. ಅದರ ಸಮೀಪದ ಕುರಿಕ್ಯಾಲವೇ ಆ ಹಳ್ಳಿ. ಅಲ್ಲಿನ ಗುಡ್ಡವನ್ನು ಜನ ಬೊಮ್ಮಲಗುಟ್ಟ ಅಥವಾ ಬೊಮ್ಮಲಮ್ಮಗುಟ್ಟ ಎಂದು ಕರೆಯುತ್ತಾರೆ. ತೆಲುಗಿನ ‘ಬೊಮ್ಮ’ ಮತ್ತು ನಮ್ಮ ‘ಬೊಂಬೆ’ ಒಂದೇ ಬಳಗದ ಮಾತುಗಳು. ‘ಗುಟ್ಟ’ ಎಂದರೆ ಗುಡ್ಡ. ಬಿಂಬಗಳಿರುವ ಗುಡ್ಡ ಎಂಬುದು ಹೆಸರಿನ ಅರ್ಥ.

ಈ ಹೆಸರು ಅನ್ವರ್ಥಕವಾಗಿದೆ. ಗುಡ್ಡದ ಬಂಡೆಯ ಮೈಯಲ್ಲಿ ಚಕ್ರೇಶ್ವರಿಯ ಮೂರ್ತಿಯನ್ನೂ ಅದರ ಇಕ್ಕೆಲಗಳಲ್ಲಿ ದಿಗಂಬರ ಜಿನಬಿಂಬಗಳನ್ನೂ ಉಬ್ಬುಶಿಲ್ಪವಾಗಿ ಕಡೆಯಲಾಗಿದೆ. ಬಿಂಬಗಳ ಕೆಳಗೆ ಶಾಸನವಿದೆ. ಚಕ್ರೇಶ್ವರಿಯು ಪ್ರಥಮ ತೀರ್ಥಂಕರ ವೃಷಭನಾಥನ ಯಕ್ಷಿ. ಹಳ್ಳಿಗರಿಗೆ ಆಕೆ ಬೊಮ್ಮಲಮ್ಮ. ತಮ್ಮನ್ನು ಕಾಯುವ ತಾಯಿ. ಜೈನ ಸಮುದಾಯವು ಈ ಸೀಮೆಯಿಂದ ಬಹುಮಟ್ಟಿಗೆ ಮರೆಯಾದ ಮೇಲೂ ಯಕ್ಷಿಗೆ ಪೂಜೆ ನಿಲ್ಲಲಿಲ್ಲ. ಕ್ಷೇತ್ರದ ಹೆಸರೂ ಆರಾಧಕರೂ ಬದಲಾದರು; ಕ್ಷೇತ್ರ ಮಾತ್ರ ಬದುಕಿತು.

ಬಂಡೆಯ ಶಾಸನವನ್ನು ಬರೆಸಿದವನು ಜಿನವಲ್ಲಭ, ಪಂಪನ ತಮ್ಮ. ಕಾಲ ಹತ್ತನೆಯ ಶತಮಾನದ ನಡುಭಾಗ. ರಾಷ್ಟ್ರಕೂಟರ ಸಾಮಂತರಾದ ವೇಮುಲವಾಡ ಚಾಲುಕ್ಯರು ಈ ಪ್ರದೇಶವನ್ನು ಆಳುತ್ತಿದ್ದ ಕಾಲವದು. ಶಾಸನವು ಸ್ಥಳನಿರ್ದೇಶವನ್ನು ಬಹಳ ಖಚಿತವಾಗಿ ಮಾಡುತ್ತದೆ. ಸಬ್ಬಿನಾಡಿನ ನಡುವೆ ಧರ್ಮವುರ, ಅದರ ಉತ್ತರಕ್ಕೆ ವೃಷಭಗಿರಿ, ಆ ಗಿರಿಯ ದಕ್ಷಿಣ ಭಾಗದಲ್ಲಿ ಸಿದ್ಧಶಿಲೆ. ಈ ಸಿದ್ಧಶಿಲೆಯ ಮೇಲೆ ಜಿನವಲ್ಲಭನು ಆದ್ಯಂತ ಜಿನರ ಮತ್ತು ಚಕ್ರೇಶ್ವರಿಯ ಬಿಂಬಗಳನ್ನು ಮಾಡಿಸಿದನು. ತ್ರಿಭುವನತಿಲಕವೆಂಬ ಬಸದಿಯನ್ನೂ ಕವಿತಾಗುಣಾರ್ಣವವೆಂಬ ಕೆರೆಯನ್ನೂ ಮದನವಿಲಾಸವೆಂಬ ಉಪವನವನ್ನೂ ನಿರ್ಮಿಸಿದನು. ವೃಷಭಗಿರಿಯನ್ನು ಶಾಸನವು ಅನಾದಿಯಾದ ತೀರ್ಥವೆಂದೇ ಕರೆಯುತ್ತದೆ. ಅಂದರೆ ಜಿನವಲ್ಲಭ ಇಲ್ಲಿಗೆ ಬರುವ ವೇಳೆಗಾಗಲೇ ಇದು ಪ್ರಾಚೀನ ಯಾತ್ರಾಸ್ಥಳವೆಂಬ ನಂಬಿಕೆ ಬೇರೂರಿತ್ತು.

ಇಲ್ಲಿ ಎರಡು ಸಂಗತಿಗಳು ಸಾಹಿತ್ಯದ ಅಭ್ಯಾಸಿಗಳ ಗಮನ ಸೆಳೆಯಬೇಕು. ಮೊದಲನೆಯದು ಕೆರೆಯ ಹೆಸರು. ‘ಕವಿತಾಗುಣಾರ್ಣವ’ ಎಂಬುದು ಪಂಪನ ಬಿರುದು. ಅಣ್ಣನ ಕವಿತ್ವದ ಕೀರ್ತಿಯನ್ನು ತಮ್ಮನು ದನಕರುಗಳೂ ಯಾತ್ರಿಕರೂ ನೀರು ಕುಡಿಯುವ ಕೆರೆಗೆ ಹೆಸರಾಗಿ ಕೊಟ್ಟನು. ಎರಡನೆಯದು ಯಕ್ಷಿಯ ಆಯ್ಕೆ. ಪಂಪನು 941ರಲ್ಲಿ ಆದಿಪುರಾಣವನ್ನು ಪೂರೈಸಿದನು. ಅದರ ನಾಯಕ ವೃಷಭನಾಥ. ತಮ್ಮನು ವೃಷಭನ ಹೆಸರಿನ ಗಿರಿಯಲ್ಲಿ ವೃಷಭನ ಶಾಸನದೇವತೆಯನ್ನು ಕಡೆಸಿದನು. ಅಣ್ಣ ಮಾತಿನಲ್ಲಿ ಮಾಡಿದ ಅರ್ಚನೆಯನ್ನು ತಮ್ಮ ಕಲ್ಲಿನಲ್ಲಿ ಮುಂದುವರಿಸಿದಂತೆ ಇದು ತೋರುತ್ತದೆ. ಇಬ್ಬರೂ ಒಟ್ಟಾಗಿ ಹಾಗೆ ಸಂಕಲ್ಪಿಸಿದ್ದರೆಂದು ಶಾಸನ ಹೇಳುವುದಿಲ್ಲವಾದರೂ, ಒಂದೇ ಮನೆಯ ಶ್ರದ್ಧೆ ಎರಡು ಮಾಧ್ಯಮಗಳಲ್ಲಿ ಪ್ರಕಟವಾದುದು ಸ್ಪಷ್ಟ.

ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ತನ್ನ ವಂಶವನ್ನು ಹೇಳಿಕೊಂಡಿದ್ದಾನೆ. ಮಾಧವ ಸೋಮಯಾಜಿಯಿಂದ ಮೊದಲಾಗುವ ವೈದಿಕ ಪರಂಪರೆಯಲ್ಲಿ ತಂದೆ ಅಭಿರಾಮದೇವರಾಯನು ಜೈನಧರ್ಮವನ್ನು ಸ್ವೀಕರಿಸಿದನು. ಆಶ್ರಯದಾತ ಅರಿಕೇಸರಿಯಿಂದ ತನಗೆ ಧರ್ಮವುರವೆಂಬ ಅಗ್ರಹಾರ ದೊರೆತುದನ್ನೂ ಕವಿ ಸ್ಮರಿಸುತ್ತಾನೆ. ಕುರಿಕ್ಯಾಲದ ಶಾಸನವು ಈ ಅಗ್ರಹಾರದಾನವನ್ನು ಸಮರ್ಥಿಸುತ್ತದೆ. ಜೊತೆಗೆ ಕಾವ್ಯದಲ್ಲಿ ದೊರೆಯದ ವಿವರಗಳನ್ನು ಸೇರಿಸುತ್ತದೆ. ಮನೆತನದ ಮೂಲ ಕಮ್ಮೆನಾಡಿನ ವಂಗಿಪರ್ರು, ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ. ಭೀಮಪಯ್ಯ ಮತ್ತು ಅಭಿರಾಮದೇವರಾಯ ಎಂಬವು ಒಬ್ಬನದೇ ಎರಡು ಹೆಸರುಗಳೆಂದು ವಿದ್ವಾಂಸರು ಸಮನ್ವಯಿಸಿದ್ದಾರೆ. ಅಬ್ಬಣಬ್ಬೆಯಾದರೋ ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು.

ಈ ಕೊನೆಯ ವಿವರದ ಬೆಲೆ ದೊಡ್ಡದು. ಪಂಪನು ತನ್ನ ಕಾವ್ಯಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡವನು. ವೆಂಗಿಮಂಡಲ ಮೂಲದ, ವೇಮುಲವಾಡದ ಆಸ್ಥಾನದಲ್ಲಿದ್ದ ಕವಿಗೆ ಇಂದಿನ ಲಕ್ಷ್ಮೇಶ್ವರದ ಸೀಮೆಯ ಕನ್ನಡದ ಮೇಲೆ ಇಷ್ಟು ಹಕ್ಕು ಎಲ್ಲಿಂದ ಬಂತು? ಅಣ್ಣಿಗೇರಿಯು ಆ ಸೀಮೆಯ ಮಗ್ಗುಲಲ್ಲೇ ಇದೆ. ತಿರುಳ್ಗನ್ನಡ ಕವಿಗೆ ತಾಯಿಯ ಕಡೆಯಿಂದ ಬಂದ ನುಡಿಯಾಗಿರಬೇಕೆಂದು ಊಹಿಸಲು ಈ ಬಂಡೆ ಆಧಾರ ಕೊಡುತ್ತದೆ. ಪಂಪನ ತಾಯಿಯ ಹೆಸರನ್ನು ನಮಗೆ ಉಳಿಸಿಕೊಟ್ಟುದೂ ಇದೇ ಬಂಡೆ.

ಶಾಸನದ ಇನ್ನೊಂದು ವೈಶಿಷ್ಟ್ಯ ಅದರ ಭಾಷೆ. ಇದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ತೆಲುಗು ಭಾಗದಲ್ಲಿ ಮೂರು ಕಂದಪದ್ಯಗಳಿವೆ. ತೆಲುಗಿನ ಆದಿಕವಿ ನನ್ನಯನಿಗಿಂತ ಸುಮಾರು ಒಂದು ಶತಮಾನ ಹಿಂದಿನ ಇವು ಆ ಭಾಷೆಯಲ್ಲಿ ದೊರೆತ ಅತ್ಯಂತ ಹಳೆಯ ಕಂದಗಳೆಂದು ಪರಿಗಣಿತವಾಗಿವೆ. ಜಿನಾಲಯಗಳನ್ನು ಎತ್ತಿಸುವುದರಲ್ಲಿ, ಜಿನಪೂಜೆಯಲ್ಲಿ, ಮುನಿಗಳಿಗೆ ಅನ್ನದಾನ ಮಾಡುವುದರಲ್ಲಿ ಜಿನವಲ್ಲಭನಿಗೆ ಸಮನಾದವರುಂಟೇ ಎಂಬುದು ಅವುಗಳಲ್ಲಿ ಒಂದರ ತಾತ್ಪರ್ಯ.

ಇದರಿಂದಾಗಿ ಒಂದು ವಿಚಿತ್ರ ಸ್ಥಿತಿ ಉಂಟಾಗಿದೆ. ಕನ್ನಡದವರು ಪಂಪನ ವಂಶವೃತ್ತಾಂತಕ್ಕಾಗಿ ಕನ್ನಡ ಭಾಗವನ್ನು ಓದುತ್ತೇವೆ. ತೆಲುಗಿನವರು ತಮ್ಮ ಭಾಷೆಯ ಪ್ರಾಚೀನತೆಯನ್ನು ಸ್ಥಾಪಿಸಲು ಮೂರು ಕಂದಗಳನ್ನು ಎತ್ತಿಕೊಳ್ಳುತ್ತಾರೆ. 2008ರಲ್ಲಿ ಎರಡೂ ಭಾಷೆಗಳಿಗೆ ಶಾಸ್ತ್ರೀಯ ಸ್ಥಾನ ದೊರೆತ ಕಾಲದ ಚರ್ಚೆಗಳಲ್ಲಿಯೂ ಈ ವಿಭಜನೆ ಮುಂದುವರಿಯಿತು. ಪಂಪ ಕನ್ನಡಿಗನೋ ತೆಲುಗನೋ ಎಂಬ ಪ್ರಶ್ನೆ ಆಗಾಗ ಏಳುವುದೂ ಈ ಅರೆ ಓದಿನಿಂದಲೇ. ಶಾಸನವನ್ನು ಬರೆಸಿದವನಿಗೆ ಅಂಥ ಪ್ರಶ್ನೆಯೇ ಇರಲಿಲ್ಲ. ತಂದೆಯ ಕಡೆಯಿಂದ ಕಮ್ಮೆನಾಡು, ತಾಯಿಯ ಕಡೆಯಿಂದ ಬೆಳ್ವೊಲ, ಬದುಕಿದ್ದು ಸಬ್ಬಿನಾಡಿನಲ್ಲಿ. ಶಾಸ್ತ್ರಕ್ಕೆ ಸಂಸ್ಕೃತ, ಆಸ್ಥಾನಕ್ಕೂ ಕಾವ್ಯಕ್ಕೂ ಕನ್ನಡ, ಸುತ್ತಲಿನ ಜನಕ್ಕೆ ತೆಲುಗು. ತೀರ್ಥಕ್ಕೆ ಬರುವ ಎಲ್ಲರಿಗೂ ತಿಳಿಯಲೆಂದು ಅವನು ಮೂರರಲ್ಲೂ ಬರೆಸಿದನು. ಆದುದರಿಂದ ಈ ಶಾಸನದ ಒಂದು ಭಾಗವನ್ನಷ್ಟೇ ನಮ್ಮದೆಂದು ಓದುವುದು ಅದನ್ನು ಓದದಂತೆಯೇ ಸರಿ.

ಈ ಬಹುಭಾಷಿಕತೆ ಒಂದು ಮನೆಗೆ ಸೀಮಿತವಾದುದೂ ಅಲ್ಲ. ಸೋಮದೇವಸೂರಿಯು ತನ್ನ ಸಂಸ್ಕೃತ ಚಂಪೂ ಯಶಸ್ತಿಲಕವನ್ನು ಶಕ 881ರಲ್ಲಿ, ಎಂದರೆ 959ರಲ್ಲಿ, ಅರಿಕೇಸರಿಯ ಮಗನ ಆಳಿಕೆಯಲ್ಲಿ ಗಂಗಾಧರದಲ್ಲಿ ಮುಗಿಸಿದನು. ಆ ಗಂಗಾಧರ ಕುರಿಕ್ಯಾಲದ ನೆರೆಯ ಈ ಊರೇ ಎಂದು ಗುರುತಿಸಲಾಗಿದೆ. 966ರ ಪರ್ಭಣಿ ತಾಮ್ರಪಟವು ಲೆಂಬುಳಪಾಟಕ, ಅಂದರೆ ವೇಮುಲವಾಡದ ಶುಭಧಾಮ ಜಿನಾಲಯಕ್ಕೆ ಸಂದ ದಾನವನ್ನು ದಾಖಲಿಸುತ್ತದೆ; ಆ ದಾನ ಪಡೆದವನೂ ಸೋಮದೇವನೇ. ಎರಡು ದಶಕಗಳ ಅಂತರದಲ್ಲಿ ಕನ್ನಡ ಚಂಪೂವಿನ ಮತ್ತು ಸಂಸ್ಕೃತ ಚಂಪೂವಿನ ಶ್ರೇಷ್ಠ ಕೃತಿಗಳು, ತೆಲುಗಿನ ಮೊದಲ ಕಂದಗಳು ಒಂದೇ ಸೀಮೆಯಲ್ಲಿ, ಒಂದೇ ಅರಸುಮನೆತನದ ನೆರಳಿನಲ್ಲಿ ಹುಟ್ಟಿದವು. ಪಂಪಯುಗವನ್ನು ಕುರಿತ ನಮ್ಮ ಪಾಠಗಳಲ್ಲಿ ಬನವಾಸಿಗೆ ಸಿಗುವ ಸ್ಥಾನದ ಅಲ್ಪಭಾಗವೂ ಈ ಸೀಮೆಗೆ ಸಿಕ್ಕಿಲ್ಲ.

ಕೊನೆಯದಾಗಿ ಗುಡ್ಡದ ಇಂದಿನ ಸ್ಥಿತಿ. ಕರೀಂನಗರದ ಪ್ರದೇಶ ಗ್ರಾನೈಟ್‌ಗೆ ಹೆಸರಾದುದು. ಕಲ್ಲುಗಣಿಗಳಿಗೆ ಅಲ್ಲಿನ ಅನೇಕ ಗುಡ್ಡಗಳು ಆಹುತಿಯಾಗಿವೆ. ಬೊಮ್ಮಲಗುಟ್ಟಕ್ಕೂ ಆ ಭೀತಿ ತಟ್ಟಿದೆ. ಸ್ಥಳೀಯರೂ ತೆಲಂಗಾಣದ ಇತಿಹಾಸಾಸಕ್ತರೂ ಅದರ ರಕ್ಷಣೆಗಾಗಿ ದನಿಯೆತ್ತಿದ್ದಾರೆ. ಆ ದನಿಗೆ ಕನ್ನಡದ ದನಿಯೂ ಕೂಡಬೇಕಾದುದು ನ್ಯಾಯ. ತಾಮ್ರಪಟವನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಬಹುದು, ಓಲೆಗರಿಯನ್ನು ಪ್ರತಿಮಾಡಬಹುದು. ಬಂಡೆಶಾಸನ ಅದರ ಗುಡ್ಡ ಇರುವತನಕ ಮಾತ್ರ. ಶಾಸನದ ಸ್ಥಳನಿರ್ದೇಶವೆಲ್ಲ ಗಿರಿಯನ್ನೇ ಆಧರಿಸಿದೆ. ಗಿರಿ ಸವೆದುಹೋದರೆ ಧರ್ಮವುರವನ್ನು ಹುಡುಕುವ ದಿಕ್ಸೂಚಿಯೂ ಹೋದಂತೆ.

ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ವಿದ್ಯಾರ್ಥಿಗಳನ್ನು ಶ್ರವಣಬೆಳಗೊಳಕ್ಕೆ, ಬನವಾಸಿಗೆ ಕರೆದೊಯ್ಯುತ್ತವೆ. ವೇಮುಲವಾಡ, ಗಂಗಾಧರ, ಕುರಿಕ್ಯಾಲಗಳ ಅಧ್ಯಯನ ಪ್ರವಾಸವನ್ನೂ ಯೋಜಿಸಬಹುದು. ತೆಲುಗು ವಿಭಾಗದವರ ಜೊತೆಯಲ್ಲಿ ಹೋದರೆ ಇನ್ನೂ ಒಳ್ಳೆಯದು. ಬಂಡೆಯ ಮುಂದೆ ನಿಂತು ಮೂರು ಭಾಷೆಗಳನ್ನೂ ಒಂದೇ ಸಲ ಓದಲು ಇಬ್ಬರೂ ಬೇಕಾಗುತ್ತಾರೆ.