ದುರ್ಗಮ ಹಾದಿಯ ಎಸ್‌ಯುವಿಗಳಲ್ಲಿ ಹೈಬ್ರಿಡ್ ಚಾಲನಾ ವ್ಯವಸ್ಥೆ

ಹೈಬ್ರಿಡ್ ಚಾಲನಾ ವ್ಯವಸ್ಥೆ ಎಂದರೆ ಪೆಟ್ರೋಲ್ ಇಲ್ಲವೆ ಡೀಸೆಲ್ ಎಂಜಿನ್ನಿನ ಜೊತೆಗೆ ಬ್ಯಾಟರಿಯಿಂದ ನಡೆಯುವ ಒಂದು ಅಥವಾ ಹೆಚ್ಚು ವಿದ್ಯುತ್ ಮೋಟಾರುಗಳನ್ನು ಜೋಡಿಸಿ, ಎರಡೂ ಮೂಲಗಳ ಬಲವನ್ನು ಸಂದರ್ಭಕ್ಕೆ ತಕ್ಕಂತೆ ಚಕ್ರಗಳಿಗೆ ಒದಗಿಸುವ ಏರ್ಪಾಡು. ಪೇಟೆಯ ವಾಹನದಟ್ಟಣೆಯಲ್ಲಿ ಇಂಧನ ಉಳಿಸಲೆಂದು ಕಾರುಗಳಿಗೆ ಬಂದ ಈ ವ್ಯವಸ್ಥೆ, ಇಪ್ಪತ್ತೊಂದನೆಯ ಶತಮಾನದ ಮೊದಲ ಕಾಲುಭಾಗದಲ್ಲಿ ಕಲ್ಲು, ಕೆಸರು, ಮರಳು, ಹಳ್ಳಗಳನ್ನು ದಾಟಲೆಂದೇ ರೂಪಿಸಿದ ಗಟ್ಟಿಮುಟ್ಟಾದ ಎಸ್‌ಯುವಿಗಳನ್ನೂ ಹೊಕ್ಕಿತು. ಅಲ್ಲಿ ಅದು ನೆಲೆಯೂರಲು ಇಂಧನದ ಉಳಿತಾಯಕ್ಕಿಂತ ಅತಿ ಕಡಿಮೆ ವೇಗದಲ್ಲಿ ಮೋಟಾರು ತೋರುವ ಎಳೆತವೇ ಮುಖ್ಯ ಕಾರಣವಾಯಿತು.

ಈ ವಾಹನಗಳ ವಂಶವೃಕ್ಷ ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಿಂದ ಕವಲೊಡೆದು, 1948ರಲ್ಲಿ ಬ್ರಿಟನ್ನಿನ ಲ್ಯಾಂಡ್ ರೋವರ್, 1951ರಲ್ಲಿ ಬಿಜೆ ಎಂಬ ಹೆಸರಿನಿಂದ ಹೊರಬಂದು ಮುಂದೆ ಲ್ಯಾಂಡ್ ಕ್ರೂಸರ್ ಎನಿಸಿಕೊಂಡ ಟೊಯೊಟ ವಾಹನಗಳ ಮೂಲಕ ಬೆಳೆಯಿತು. ಏಣಿಯಾಕಾರದ ಉಕ್ಕಿನ ಚಾಸಿ, ಎಂಜಿನ್ನಿನ ಬಲವನ್ನು ಮುಂದಿನ ಹಾಗೂ ಹಿಂದಿನ ಅಚ್ಚುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಅದರೊಳಗೆ ಚಕ್ರಗಳ ವೇಗವನ್ನು ಇಳಿಸಿ ಎಳೆತವನ್ನು ಹೆಚ್ಚಿಸುವ ಲೋ ರೇಂಜ್ ಗೇರು ಇವು ಅವುಗಳ ಸಾಮಾನ್ಯ ಲಕ್ಷಣಗಳು. ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಡಿಫರೆನ್ಷಿಯಲ್ ಎಂಬ ಭಾಗಕ್ಕೆ, ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತುವಾಗ ಇನ್ನೊಂದೂ ಕೆಲಸ ಮಾಡುವಂತೆ ಬೀಗ ಹಾಕುವ ಸೌಲಭ್ಯವನ್ನೂ ಕಾಲಾಂತರದಲ್ಲಿ ಸೇರಿಸಲಾಯಿತು. ಇಷ್ಟೆಲ್ಲ ಯಂತ್ರಭಾಗಗಳು ಬೇಕಾದದ್ದು ಎಂಜಿನ್ನಿನ ಒಂದು ಹುಟ್ಟುಗುಣದಿಂದ: ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದಾಗ ಮಾತ್ರ ಅದು ಪೂರ್ಣ ಟಾರ್ಕನ್ನು, ಅಂದರೆ ಅಕ್ಷವನ್ನು ತಿರುಗಿಸುವ ಬಲವನ್ನು ಕೊಡಬಲ್ಲುದು, ಸುತ್ತು ತೀರ ಇಳಿದರೆ ನಿಂತೇಹೋಗುತ್ತದೆ.

ವಿದ್ಯುತ್ ಮೋಟಾರಿಗೆ ಈ ಕೊರತೆಯಿಲ್ಲ. ನಿಂತಲ್ಲಿಂದ ಹೊರಡುವ ಮೊದಲ ಕ್ಷಣದಲ್ಲೇ ಅದರ ಗರಿಷ್ಠ ಟಾರ್ಕ್ ಸಿಗುತ್ತದೆ. ಮೊಣಕಾಲೆತ್ತರದ ಬಂಡೆಯೊಂದನ್ನು ಏರುವ ಸನ್ನಿವೇಶದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬರಿಯ ಎಂಜಿನ್ನಿನ ವಾಹನದಲ್ಲಿ ಚಕ್ರ ಬಂಡೆಗೆ ತಾಗಿ ನಿಂತಾಗ ಚಾಲಕ ಆಕ್ಸಿಲರೇಟರನ್ನು ಒತ್ತುತ್ತಾ ಹೋಗಬೇಕು. ಸಾಕಷ್ಟು ಬಲ ಕೂಡಿದೊಡನೆ ವಾಹನ ಒಮ್ಮೆಲೇ ನೆಗೆದು ಬಂಡೆಯಾಚೆ ಧೊಪ್ಪನೆ ಬೀಳುತ್ತದೆ, ಹಾಗಾಗದಂತೆ ನುರಿತವರು ಎಡಗಾಲಿನಿಂದ ಬ್ರೇಕನ್ನೂ ಬಲಗಾಲಿನಿಂದ ಆಕ್ಸಿಲರೇಟರನ್ನೂ ಒಟ್ಟಿಗೆ ಒತ್ತಿ ಸರಿತೂಗಿಸುತ್ತಾರೆ. ಮೋಟಾರು ಎಳೆಯುವ ವಾಹನದಲ್ಲಾದರೆ ಟೈರು ಕಲ್ಲನ್ನು ಹಿಡಿದು ಅಂಗುಲ ಅಂಗುಲವಾಗಿ ಮೇಲೇರುತ್ತದೆ. ಎಂಜಿನ್ನು ಆರಿರುವುದರಿಂದ ಕಲ್ಲಿಗೆ ತಳ ಉಜ್ಜುವ ಸದ್ದು, ಟೈರಿನಡಿ ಜಲ್ಲಿ ಜಾರುವ ಸದ್ದು ಚಾಲಕನಿಗೆ ನೇರವಾಗಿ ಕೇಳುತ್ತದೆ. ಇಂಥ ಹಾದಿಯಲ್ಲಿ ಕಿವಿಯೂ ಒಂದು ಉಪಕರಣವೇ ಆದ್ದರಿಂದ ಇದು ಸಣ್ಣ ಲಾಭವಲ್ಲ.

ಕಲ್ಪನೆ ಹೊಸದೇನಲ್ಲ. ಫರ್ಡಿನಾಂಡ್ ಪೋರ್ಷೆ 1900ರ ಸುಮಾರಿಗೆ ವಿಯೆನ್ನಾದ ಲೋನರ್ ಕಾರ್ಖಾನೆಯಲ್ಲಿದ್ದಾಗ ಚಕ್ರಗಳ ಗುಂಬದೊಳಗೇ ಮೋಟಾರುಗಳನ್ನು ಕೂರಿಸಿ, ಅವುಗಳಿಗೆ ಬೇಕಾದ ವಿದ್ಯುತ್ತನ್ನು ಪೆಟ್ರೋಲ್ ಎಂಜಿನ್ನಿನಿಂದ ಉತ್ಪಾದಿಸುವ ಸೆಂಪರ್ ವಿವುಸ್ ಎಂಬ ಗಾಡಿಯನ್ನು ನಿರ್ಮಿಸಿದ. ಇದೇ ತತ್ತ್ವವನ್ನು ಆತ ನಲವತ್ತು ವರ್ಷಗಳ ಅನಂತರ ಜರ್ಮನ್ ಸೇನೆಯ ಟ್ಯಾಂಕಿಗೆ ಅಳವಡಿಸಿದಾಗ ಅದು ವಿಪರೀತ ಭಾರದ, ಪದೇ ಪದೇ ಕೆಡುವ ಯಂತ್ರವಾಯಿತು. 1943ರ ಕುರ್ಸ್ಕ್ ಕದನಕ್ಕೆ ಇಳಿದ, ಆತನದೇ ಹೆಸರು ಹೊತ್ತ ಫರ್ಡಿನಾಂಡ್ ಟ್ಯಾಂಕ್‌ನಾಶಕ ಇದರ ಫಲ. ಮೋಟಾರನ್ನು ನಯವಾಗಿ ನಿಯಂತ್ರಿಸುವ ವಿದ್ಯುನ್ಮಾನವಾಗಲಿ ಹಗುರ ಬ್ಯಾಟರಿಯಾಗಲಿ ಆಗ ಇರಲಿಲ್ಲ.

ಅವೆರಡೂ ಒದಗಿದ ಮೇಲೆ, 1997ರ ಡಿಸೆಂಬರಿನಲ್ಲಿ ಟೊಯೊಟ ಪ್ರಿಯಸ್ ಜಪಾನಿನ ಮಾರುಕಟ್ಟೆಗೆ ಬಂದಿತು. ಎಸ್‌ಯುವಿಗಳ ಸಾಲಿನಲ್ಲಿ 2004ರ ಫೋರ್ಡ್ ಎಸ್ಕೇಪ್, 2005ರ ಲೆಕ್ಸಸ್ ಆರ್‌ಎಕ್ಸ್ 400ಎಚ್ ಮೊದಲಿಗವಾದರೂ ಇವು ಹೊರನೋಟಕ್ಕೆ ಎತ್ತರವಾಗಿದ್ದ ರಸ್ತೆಕಾರುಗಳೇ. ಆರ್‌ಎಕ್ಸ್‌ನಲ್ಲಿ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮೋಟಾರು ಕೊಟ್ಟು, ಎಂಜಿನ್ನಿನಿಂದ ಹಿಂದಿನ ಅಚ್ಚಿಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟನ್ನು ಕೈಬಿಡಲಾಗಿತ್ತು. ಜಾರುವ ಹಿಮದಲ್ಲಿ ಇದು ಸಾಕು, ಹೂತ ಗಾಡಿಯನ್ನು ಮೇಲೆತ್ತಲು ಸಾಲದು. ಜನರಲ್ ಮೋಟರ್ಸ್ 2008ರ ಮಾದರಿಯಾಗಿ ತಂದ ಷೆವ್ರೊಲೆ ಟಾಹೋ ಹೈಬ್ರಿಡ್ 6 ಲೀಟರಿನ ವಿ8 ಎಂಜಿನ್ನನ್ನೇ ಉಳಿಸಿಕೊಂಡಿತ್ತಾದರೂ ಮಾರಾಟ ಕುದುರಲಿಲ್ಲ. 2013ರಲ್ಲಿ ಬಂದ ಮಿತ್ಸುಬಿಷಿ ಔಟ್‌ಲ್ಯಾಂಡರ್, ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಮಾಡಬಹುದಾದ ಪ್ಲಗ್‌ಇನ್ ಹೈಬ್ರಿಡ್ ಬಗೆಯನ್ನು ಎಸ್‌ಯುವಿಗಳಿಗೆ ಪರಿಚಯಿಸಿತು.

ಲೋ ರೇಂಜ್ ಗೇರನ್ನು ಬಿಟ್ಟುಕೊಡದೆ ಹೈಬ್ರಿಡ್ಡಿಗೆ ಬಂದವರಲ್ಲಿ ಲ್ಯಾಂಡ್ ರೋವರ್ ಕಂಪನಿಯ ಪಾಲು ದೊಡ್ಡದು. 2008ರಿಂದ ಟಾಟಾ ಮೋಟರ್ಸ್ ಒಡೆತನದಲ್ಲಿರುವ ಈ ಕಂಪನಿ, 2013ರಲ್ಲಿ ಡೀಸೆಲ್ ಹೈಬ್ರಿಡ್ ರೇಂಜ್ ರೋವರ್‌ಗಳ ತಂಡವನ್ನು ಇಂಗ್ಲೆಂಡಿನ ಸಾಲಿಹಲ್‌ನಿಂದ ಪುರಾತನ ರೇಷ್ಮೆ ಮಾರ್ಗದ ಜಾಡು ಹಿಡಿದು ಮುಂಬಯಿಯವರೆಗೆ ಓಡಿಸಿ ತಾಳಿಕೆಯನ್ನು ಸಾರಿತು. 2018ರಲ್ಲಿ ರೇಂಜ್ ರೋವರ್ ಸ್ಪೋರ್ಟ್ ಪಿ400ಇ ಚೀನಾದ ತಿಯಾನ್‌ಮೆನ್ ಬೆಟ್ಟದ 999 ಮೆಟ್ಟಿಲುಗಳನ್ನು ಏರಿದ್ದು ಪ್ರಚಾರದ ಆಟವೆನ್ನಿ, ಆದರೂ 45 ಡಿಗ್ರಿಯಷ್ಟು ಕಡಿದಾದ ಆ ಏರಿನಲ್ಲಿ ಮೋಟಾರಿನ ಎಳೆತ ಎಲ್ಲರ ಕಣ್ಣಿಗೆ ಬಿದ್ದಿತು. ಇದಕ್ಕಿಂತ ತೂಕದ ಸಾಕ್ಷಿ 2020ರ ಡಿಫೆಂಡರ್ ಪಿ400ಇ: 2 ಲೀಟರ್ ಎಂಜಿನ್ನು, 19.2 ಕಿಲೋವಾಟ್‌ಗಂಟೆಯ ಬ್ಯಾಟರಿ ಇದ್ದೂ ಅದು ಬೇರೆ ಡಿಫೆಂಡರ್‌ಗಳಂತೆಯೇ 900 ಮಿಲಿಮೀಟರ್ ಆಳದ ನೀರನ್ನು ಹಾಯಬಲ್ಲುದಾಗಿತ್ತು.

ಜನಪ್ರಿಯತೆಯಲ್ಲಿ ತಿರುವು ತಂದದ್ದು 2020ರ ಸೆಪ್ಟೆಂಬರಿನಲ್ಲಿ ಅನಾವರಣಗೊಂಡ ಜೀಪ್ ರ‍್ಯಾಂಗ್ಲರ್ 4ಎಕ್ಸ್‌ಇ. ಇದರ ಜೋಡಣೆಯ ಕ್ರಮ ಗಮನಾರ್ಹ. 2 ಲೀಟರಿನ ಟರ್ಬೊ ಎಂಜಿನ್ನಿನ ಮುಂಭಾಗದಲ್ಲಿ ಆಲ್ಟರ್ನೇಟರ್ ಇರುವ ಜಾಗಕ್ಕೆ ಒಂದು ಮೋಟಾರನ್ನೂ, ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ದ್ರವದ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಜಾಗಕ್ಕೆ ಇನ್ನೊಂದು ಮೋಟಾರನ್ನೂ ಕೂರಿಸಲಾಯಿತು. ಎರಡನೆಯ ಮೋಟಾರು ಗೇರ್‌ಬಾಕ್ಸಿನ ಹಿಂದೆ ಇರದೆ ಮುಂದೆ ಇರುವುದರಿಂದ ಅದರ ಬಲ ಎಂಟೂ ಗೇರುಗಳ, ಟ್ರಾನ್ಸ್‌ಫರ್ ಕೇಸಿನ, ಬೀಗವಿರುವ ಅಚ್ಚುಗಳ ಮೂಲಕವೇ ಹಾಯುತ್ತದೆ; ಅಂದರೆ ಎಂಜಿನ್ ಪೂರ್ತಿ ಆರಿದ್ದರೂ ಹಳೆಯ ಜೀಪಿನ ಎಲ್ಲ ಯಾಂತ್ರಿಕ ಅನುಕೂಲಗಳೂ ಮೋಟಾರಿಗೆ ದೊರೆಯುತ್ತವೆ. ಒಟ್ಟು 375 ಅಶ್ವಶಕ್ತಿ, 637 ನ್ಯೂಟನ್‌ಮೀಟರ್ ಟಾರ್ಕ್ ಇದರಿಂದ ಲಭ್ಯವಾಯಿತು. 17 ಕಿಲೋವಾಟ್‌ಗಂಟೆಯ ಬ್ಯಾಟರಿಯನ್ನು ಕಲ್ಲಿಗೆ ತಾಗದಂತೆ ಹಿಂಬದಿಯ ಸೀಟಿನಡಿ ಇಟ್ಟು, ವಿದ್ಯುತ್ ಭಾಗಗಳಿಗೆ ನೀರು ನುಗ್ಗದಂತೆ ಮುಚ್ಚಿದ್ದರಿಂದ 76 ಸೆಂಟಿಮೀಟರ್ ಆಳದ ಹಳ್ಳವನ್ನು ಇಳಿದು ದಾಟಬಹುದಾಗಿತ್ತು. ಅಮೆರಿಕದ ಅಧಿಕೃತ ಪರೀಕ್ಷೆಯ ಪ್ರಕಾರ ಬ್ಯಾಟರಿಯೊಂದರಿಂದಲೇ ಸುಮಾರು 34 ಕಿಲೋಮೀಟರ್ ಹೋಗಬಹುದು. ರಸ್ತೆಯ ಲೆಕ್ಕದಲ್ಲಿ ಇದು ಅಲ್ಪವೆನಿಸಿದರೂ ಗಂಟೆಗೆ ನಾಲ್ಕೈದು ಕಿಲೋಮೀಟರಿನಂತೆ ತೆವಳುವ ಕಲ್ಲುದಾರಿಯಲ್ಲಿ ಕಡಿಮೆಯೇನಲ್ಲ.

ರ‍್ಯಾಂಗ್ಲರ್ 4ಎಕ್ಸ್‌ಇ ಕೆಲವು ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಪ್ಲಗ್‌ಇನ್ ಹೈಬ್ರಿಡ್ ಎನಿಸಿತು. ಅದರ ದೋಷಗಳೂ ಅಷ್ಟೇ ಸ್ಪಷ್ಟ. ಚಾರ್ಜ್ ಮುಗಿದ ಮೇಲೆ ಲೀಟರಿಗೆ ಸುಮಾರು 8.5 ಕಿಲೋಮೀಟರ್ ಮಾತ್ರ ಓಡುತ್ತಿದ್ದ ಈ ಭಾರದ ವಾಹನವನ್ನು ಪ್ಲಗ್ಗಿಗೆ ಹಚ್ಚದೆಯೇ ಬಳಸುವವರಿಗೆ ಉಳಿತಾಯವೇನೂ ಇರಲಿಲ್ಲ. ಬ್ಯಾಟರಿಗೆ ಬೆಂಕಿ ಹೊತ್ತುವ ಅಪಾಯದಿಂದಾಗಿ 2023ರಿಂದ ಮೊದಲ್ಗೊಂಡು ಹಲವು ಬಾರಿ ವಾಹನಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಕಟ್ಟಡಗಳಿಂದ ದೂರ ನಿಲ್ಲಿಸಿರಿ, ಚಾರ್ಜ್ ಮಾಡಬೇಡಿರಿ ಎಂಬ ಸೂಚನೆಯೂ ಮಾಲೀಕರಿಗೆ ಹೋಯಿತು. ಪ್ಲಗ್‌ಇನ್‌ನ ಸಾರವೇ ಪ್ಲಗ್ಗಿನಲ್ಲಿರುವಾಗ ಈ ಸೂಚನೆ ಎಷ್ಟು ಕಹಿಯೆಂಬುದನ್ನು ವಿವರಿಸಬೇಕಿಲ್ಲ. 2026ರ ಆರಂಭದಲ್ಲಿ ಮಾತೃಸಂಸ್ಥೆ ಸ್ಟೆಲಾಂಟಿಸ್ ಉತ್ತರ ಅಮೆರಿಕದಲ್ಲಿ ಇದರ ತಯಾರಿಕೆಯನ್ನು ಕೈಬಿಡುವುದಾಗಿ ಪ್ರಕಟಿಸಿತು.

ಟೊಯೊಟ ಹಿಡಿದ ದಾರಿ ಇದಕ್ಕಿಂತ ಎಚ್ಚರದ್ದು. 2023ರಲ್ಲಿ ಅನಾವರಣಗೊಂಡ ಲ್ಯಾಂಡ್ ಕ್ರೂಸರ್ 250ರ ಅಮೆರಿಕದ ಆವೃತ್ತಿಯಲ್ಲಿ 2.4 ಲೀಟರ್ ಟರ್ಬೊ ಎಂಜಿನ್ನಿಗೂ ಎಂಟು ವೇಗದ ಗೇರ್‌ಬಾಕ್ಸಿಗೂ ನಡುವೆ 48 ಅಶ್ವಶಕ್ತಿಯ ಒಂದು ಮೋಟಾರನ್ನು ಇಟ್ಟು, ಎರಡು ಕಿಲೋವಾಟ್‌ಗಂಟೆಗೂ ಕಡಿಮೆ ಸಾಮರ್ಥ್ಯದ ನಿಕಲ್‌ಮೆಟಲ್ ಹೈಡ್ರೈಡ್ ಬ್ಯಾಟರಿಯನ್ನು ಕೊಡಲಾಯಿತು. ಇದಕ್ಕೆ ಪ್ಲಗ್ ಬೇಕಿಲ್ಲ. ಬ್ರೇಕು ಹಾಕುವಾಗ ವ್ಯರ್ಥವಾಗುವ ಶಕ್ತಿಯನ್ನು ವಿದ್ಯುತ್ತಾಗಿ ಮರಳಿ ಪಡೆಯುವ ಕ್ರಮದಿಂದಲೂ ಎಂಜಿನ್ನಿನಿಂದಲೂ ಅದು ತುಂಬಿಕೊಳ್ಳುತ್ತದೆ. ಹಿಂದಿನ ಲ್ಯಾಂಡ್ ಕ್ರೂಸರ್ 200ರ 5.7 ಲೀಟರಿನ ವಿ8 ಎಂಜಿನ್ನು 381 ಅಶ್ವಶಕ್ತಿ, 544 ನ್ಯೂಟನ್‌ಮೀಟರ್ ಟಾರ್ಕ್ ಕೊಟ್ಟು ಲೀಟರಿಗೆ ಸುಮಾರು 6 ಕಿಲೋಮೀಟರ್ ಓಡಿದರೆ, ಅದಕ್ಕಿಂತ ಕಿರಿದಾದ ಈ ಹೊಸ ವಾಹನ 326 ಅಶ್ವಶಕ್ತಿ, 630 ನ್ಯೂಟನ್‌ಮೀಟರ್ ಕೊಟ್ಟು 9.8 ಕಿಲೋಮೀಟರ್ ಓಡಿತು. ಅಶ್ವಶಕ್ತಿ ಇಳಿದು ಟಾರ್ಕ್ ಏರಿರುವುದರಲ್ಲೇ ಈ ಬದಲಾವಣೆಯ ಮರ್ಮವಿದೆ. ಬ್ಯಾಟರಿಗೆ ಜಾಗ ಮಾಡಿಕೊಟ್ಟದ್ದು ಮಾತ್ರ ಸಾಮಾನಿನ ಕೋಣೆ: ಅದರ ನೆಲ ಎತ್ತರವಾಯಿತು, ಮೂರನೆಯ ಸಾಲಿನ ಸೀಟು ಇಲ್ಲವಾಯಿತು.

ಇದೇ ಸಂಸ್ಥೆಯ ಲೆಕ್ಸಸ್ ಎಲ್‌ಎಕ್ಸ್ 700ಎಚ್ ವಾಹನದಲ್ಲಿ (2024) ಹೈಬ್ರಿಡ್ ಮೋಟಾರೇ ಎಂಜಿನ್ನನ್ನು ಎಬ್ಬಿಸಬಲ್ಲುದಾದರೂ ಹಳೆಯ ಮಾದರಿಯ ಸ್ಟಾರ್ಟರನ್ನೂ ಆಲ್ಟರ್ನೇಟರನ್ನೂ ತೆಗೆದುಹಾಕಲಿಲ್ಲ. ಹೈಬ್ರಿಡ್ ಭಾಗ ಕೈಕೊಟ್ಟರೂ ಬರಿಯ ಎಂಜಿನ್ನಿನಿಂದ ಊರು ಸೇರಿಕೊಳ್ಳಬಹುದೆಂಬುದು ಇದರ ಉದ್ದೇಶ. ದುರ್ಗಮ ಹಾದಿಯ ಹೈಬ್ರಿಡ್‌ಗಳ ಇತಿಹಾಸದಲ್ಲಿ ಇದಕ್ಕಿಂತ ವಿವೇಕದ ನಿರ್ಧಾರ ಇನ್ನೊಂದಿರಲಾರದು. ಮರುಭೂಮಿಯ ನಡುವೆ ನಿಂತುಹೋದ ಗಾಡಿಗೆ ಅಶ್ವಶಕ್ತಿಯ ಅಂಕಿ ನೆರವಾಗುವುದಿಲ್ಲ.

ಚೀನಾದ ತಯಾರಕರಲ್ಲಿ ಈ ವಿಷಯವಾಗಿ ಎರಡು ಪಂಥಗಳು ಬೆಳೆದಿವೆ. ಗ್ರೇಟ್ ವಾಲ್ ಕಂಪನಿಯ ಟ್ಯಾಂಕ್ ಸರಣಿಯ ಹೈ4-ಟಿ ವ್ಯವಸ್ಥೆ ಜೀಪಿನಂತೆ ಮೋಟಾರನ್ನು ಗೇರ್‌ಬಾಕ್ಸಿಗೆ ಸೇರಿಸಿ ಮುಂದೆ ಹಿಂದೆ ಶಾಫ್ಟುಗಳನ್ನು ಉಳಿಸಿಕೊಂಡಿದೆ. ಬಿವೈಡಿ ಕಂಪನಿ 2023ರಲ್ಲಿ ತಂದ ಬಾವೊ 5 ಏಣಿಯ ಚಾಸಿಯನ್ನು ಇಟ್ಟುಕೊಂಡರೂ ಮುಂದಿನ, ಹಿಂದಿನ ಅಚ್ಚುಗಳಿಗೆ ಬೇರೆ ಬೇರೆ ಮೋಟಾರು ಕೊಟ್ಟು ನಡುವಿನ ಶಾಫ್ಟನ್ನು ಕೈಬಿಟ್ಟಿತು. ಅದೇ ಕಂಪನಿಯ ಯಾಂಗ್‌ವಾಂಗ್ ಯು8 ಒಂದೊಂದು ಚಕ್ರಕ್ಕೂ ಒಂದೊಂದು ಮೋಟಾರು ಪಡೆದು, ನಿಂತಲ್ಲೇ ಬುಗುರಿಯಂತೆ ಸುತ್ತಿ, ನೆರೆಯ ನೀರಿನಲ್ಲಿ ಸ್ವಲ್ಪ ಹೊತ್ತು ತೇಲಿ ಬೆರಗು ಹುಟ್ಟಿಸಿತು. ಅದರ 2 ಲೀಟರಿನ ಎಂಜಿನ್ನು ವಿದ್ಯುತ್ ಉತ್ಪಾದಿಸಲು ಮಾತ್ರ ದುಡಿಯುತ್ತದೆ. ಶಾಫ್ಟನ್ನು ಬಿಟ್ಟ ವಾಹನದಲ್ಲಿ ಯಾವ ಚಕ್ರಕ್ಕೆ ಎಷ್ಟು ಬಲವೆಂಬುದನ್ನು ಕಂಪ್ಯೂಟರು ಕಣ್ಣೆವೆಯಿಕ್ಕುವುದರೊಳಗೆ ನಿರ್ಧರಿಸಬಲ್ಲುದು, ಆದರೆ ಹಿಂದಿನ ಎರಡೇ ಚಕ್ರಗಳಿಗೆ ಹಿಡಿತ ಸಿಕ್ಕಾಗ ಹಿಂದಿನ ಮೋಟಾರಿನ ಬಲವಷ್ಟೇ ಗತಿ. ಶಾಫ್ಟ್ ಇದ್ದರೆ ಇಡೀ ಎಂಜಿನ್ನಿನ ಬಲ ಅಲ್ಲಿಗೆ ಹರಿಯುತ್ತದೆ.

ಸ್ಪರ್ಧಾಕಣದಲ್ಲಿ ಜಯ ಸಿಕ್ಕಿದ್ದು ಶಾಫ್ಟಿಲ್ಲದ ಬಗೆಗೆ. ಸೌದಿ ಅರೇಬಿಯಾದಲ್ಲಿ ನಡೆದ 2024ರ ಡಕಾರ್ ರ‍್ಯಾಲಿಯನ್ನು ಕಾರ್ಲೋಸ್ ಸೈಂಜ್, ಲೂಕಾಸ್ ಕ್ರೂಸ್ ಜೋಡಿ ಗೆದ್ದ ಆಡಿ ಆರ್‌ಎಸ್ ಕ್ಯೂ ಇ-ಟ್ರಾನ್‌ನಲ್ಲಿ ಚಕ್ರಗಳನ್ನು ತಿರುಗಿಸಿದ್ದು ವಿದ್ಯುತ್ ಮೋಟಾರುಗಳು. ಪೆಟ್ರೋಲ್ ಎಂಜಿನ್ನು ಓಟದ ನಡುವೆ ಬ್ಯಾಟರಿಯನ್ನು ತುಂಬುತ್ತಿತ್ತು.

ಉದ್ದನೆಯ ಇಳಿಜಾರು ಈ ವ್ಯವಸ್ಥೆಗೆ ಒಡ್ಡುವ ಪರೀಕ್ಷೆ ಬೇರೆ. ಇಳಿಯುವಾಗ ಮೋಟಾರು ಜನರೇಟರಾಗಿ ವಾಹನವನ್ನು ಹಿಡಿದು ನಿಲ್ಲಿಸುತ್ತದೆ ನಿಜ, ಆದರೆ ಬ್ಯಾಟರಿ ತುಂಬಿದೊಡನೆ ಆ ಹಿಡಿತ ತಪ್ಪುತ್ತದೆ, ಆಗ ಎಂಜಿನ್ನಿನ ತಡೆಗೂ ಲೋ ರೇಂಜಿಗೂ ಮೊರೆಹೋಗಬೇಕಾಗುತ್ತದೆ. ಕಿತ್ತಳೆ ಬಣ್ಣದ ಹೊದಿಕೆಯಿಂದ ಗುರುತಿಸಲಾಗುವ ಅಧಿಕ ವೋಲ್ಟೇಜಿನ ತಂತಿಗಳನ್ನು ತರಬೇತಿಯಿಲ್ಲದ ಮೆಕ್ಯಾನಿಕ್ ಮುಟ್ಟುವಂತಿಲ್ಲವಾದ್ದರಿಂದ, ಹಾದಿಬದಿಯ ಗ್ಯಾರೇಜಿನಲ್ಲಿ ರಿಪೇರಿಯಾಗುತ್ತಿದ್ದ ಜೀಪಿನ ಕಾಲದ ಸರಾಗವೂ ಇಲ್ಲಿಲ್ಲ.

ಭಾರತದಲ್ಲಿ ಮಹೀಂದ್ರ ಕಂಪನಿ 2008ರಲ್ಲೇ ಸ್ಕಾರ್ಪಿಯೊಗೆ ಮೈಕ್ರೊ ಹೈಬ್ರಿಡ್ ಎಂಬ ಹೆಸರು ಅಂಟಿಸಿತ್ತು. ಸಿಗ್ನಲ್ಲಿನಲ್ಲಿ ಎಂಜಿನ್ನನ್ನು ತಾನಾಗಿ ಆರಿಸಿ ಹೊತ್ತಿಸುವ ಅದಕ್ಕೆ ಆ ಹೆಸರು ಭಾರವೇ ಆಗಿತ್ತು. 2017ರಲ್ಲಿ ಬಂದ ಜಿಎಸ್‌ಟಿ, ಸೆಸ್ ಸೇರಿ ಹೈಬ್ರಿಡ್ ಕಾರುಗಳ ಮೇಲೆ 43 ಪ್ರತಿಶತ ತೆರಿಗೆ ಹೇರಿದ್ದರಿಂದ ಬೆಳವಣಿಗೆ ಕುಂಠಿತವಾಯಿತು. ಕರ್ನಾಟಕದ ಬಿಡದಿಯಲ್ಲಿ ಟೊಯೊಟ ಕಿರ್ಲೋಸ್ಕರ್ ತಯಾರಿಸುವ ಫಾರ್ಚೂನರ್, ಏಣಿಯ ಚಾಸಿ ಮತ್ತು ಲೋ ರೇಂಜ್ ಇರುವ ವಾಹನ, ಅದರ 2.8 ಲೀಟರ್ ಡೀಸೆಲ್ ಎಂಜಿನ್ನಿಗೆ 2025ರಲ್ಲಿ 48 ವೋಲ್ಟಿನ ಸಣ್ಣ ಮೋಟಾರು ಜೊತೆಯಾಯಿತು. ಮೋಟಾರು ಎಂಜಿನ್ನಿಗೆ ಕೈಜೋಡಿಸುವ ಇಂಥ ಏರ್ಪಾಡನ್ನು ಮೈಲ್ಡ್ ಹೈಬ್ರಿಡ್ ಎಂದೂ, ಮೋಟಾರೊಂದೇ ಸ್ವಲ್ಪ ದೂರ ಓಡಿಸಬಲ್ಲುದನ್ನು ಸ್ಟ್ರಾಂಗ್ ಹೈಬ್ರಿಡ್ ಎಂದೂ ಕರೆಯುವರು. ಅದೇ ಬಿಡದಿಯಿಂದ 2022ರಲ್ಲಿ ಹೊರಬಂದ ಅರ್ಬನ್ ಕ್ರೂಸರ್ ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್ ಮಾದರಿಯಲ್ಲಿ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಬಲ ಹೋಗುತ್ತಿತ್ತು. ನಾಲ್ಕೂ ಚಕ್ರಗಳು ದುಡಿಯಬೇಕೆನ್ನುವವರು ಮೈಲ್ಡ್ ಹೈಬ್ರಿಡ್ ಮಾದರಿಯನ್ನೇ ಕೊಳ್ಳಬೇಕಿತ್ತು.