ಓದುವ ಮನೆ ಇದ್ದರೆ ಸಭೆ ಇದ್ದೀತು

ರಬಕವಿಯಿಂದ ಬನಹಟ್ಟಿಗೆ ಮಾತಾಡುತ್ತ ನಡೆದುಕೊಂಡೇ ಹೋಗಬಹುದು. ಆದರೆ 1948ರವರೆಗೆ ಅದು ಒಂದು ಸಂಸ್ಥಾನ ಬಿಟ್ಟು ಇನ್ನೊಂದಕ್ಕೆ ಕಾಲಿಟ್ಟ ಲೆಕ್ಕ. ರಬಕವಿ ಸಾಂಗಲಿಯದು, ಬನಹಟ್ಟಿ ಜಮಖಂಡಿಯ ಪಟವರ್ಧನರದು. ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆ. ಬೀಳಗಿ ಮಾತ್ರ ಬ್ರಿಟಿಷರ ಕಲಾದಗಿ ಜಿಲ್ಲೆಗೆ ಸೇರಿತ್ತು. ಮುಂದೆ ಅದೇ ವಿಜಾಪುರ ಜಿಲ್ಲೆಯಾಯಿತು. ಕ್ರೈಸ್ತ ಮಿಶನ್ನುಗಳ ದೊಡ್ಡ ಠಾಣ್ಯಗಳೆಲ್ಲ ಸುತ್ತಲಿನ ಬ್ರಿಟಿಷ್ ಸೀಮೆಯಲ್ಲಿದ್ದವು. ದಕ್ಷಿಣಕ್ಕೆ ಬಾಸೆಲ್ ಮಿಶನ್ನಿನ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ. ಪಶ್ಚಿಮಕ್ಕೆ ಬೆಳಗಾವಿಯಲ್ಲಿ 1820ರಿಂದ ಲಂಡನ್ ಮಿಶನ್, ಅವರ ತರುವಾಯ ಮೆಥೊಡಿಸ್ಟರು. ಕ್ಯಾಥೊಲಿಕ್ ಬಾಂಧವರ ಬೆಳಗಾವಿ ಧರ್ಮಪ್ರಾಂತ್ಯ ಇತ್ತೀಚಿನದು, 1953ರದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕ್ರೈಸ್ತರ ಚರಿತ್ರೆ ಹೀಗೆ ಹಲವು ಕಡೆ ಹಂಚಿಹೋಗಿದೆ. ಅದನ್ನು ಕೂಡಿಸಲು ಹೊರಟವರು ನಮ್ಮ ಬಾಗಲಕೋಟೆ ಜಿಲ್ಲೆಯದೇ ಆದ ಗುಳೇದಗುಡ್ಡದಿಂದ ಶುರು ಮಾಡುವುದು ಒಳ್ಳೆಯದು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ ಮುಟ್ಟಿದರು. ಆ ಹೊತ್ತಿಗೆ ನಮ್ಮ ಬಯಲುಸೀಮೆಯಲ್ಲಿ ಒಂದು ವಿಚಿತ್ರ ಸಂಚಲನ ಎದ್ದಿತ್ತು. ಕಾಲಜ್ಞಾನದ ನುಡಿಗಳನ್ನು ನಂಬಿಕೊಂಡಿದ್ದ ಜನ, ಬರಬೇಕಾದವರು ಇವರೇ ಇರಬೇಕೆಂದು ತಾವಾಗಿಯೇ ಮಿಶನರಿಗಳ ಬಾಗಿಲಿಗೆ ಬಂದರು. ಅವರಿಗೆಂದೇ ಗದಗಿನ ಹತ್ತಿರ ಮಲಸಮುದ್ರದಲ್ಲಿ ಒಂದು ವಸಾಹತು ಹೂಡಿದ್ದಾಯಿತು. ಆದರೆ ಎದ್ದ ಅಲೆ ಬಹಳ ಕಾಲ ನಿಲ್ಲಲಿಲ್ಲ. ಬಂದವರಲ್ಲಿ ಬಹಳ ಮಂದಿ ಬಂದ ದಾರಿಯಲ್ಲೇ ಹಿಂದಿರುಗಿದರು.

ಗುಳೇದಗುಡ್ಡದ ಠಾಣ್ಯ 1851ರದು. ಅಲ್ಲಿ ನಂಬಿಕೆ ನೇಕಾರರ ಮನೆಗಳನ್ನು ಹೊಕ್ಕಿತು, ನಿಧಾನವಾಗಿ ಬೇರುಬಿಟ್ಟಿತು. ನನಗೆ ಬಹಳ ಮುಖ್ಯವೆನಿಸುವುದು ಇದೇ. ಜನಜಂಗುಳಿಯಲ್ಲಿ ಬಂದ ಉತ್ಸಾಹ ಕರಗಿತು. ಮನೆಯ ದಿನಚರಿಯೊಳಗೆ ಸೇರಿಕೊಂಡ ನಂಬಿಕೆ ಉಳಿಯಿತು. ಮಗ್ಗದ ಮನೆಯಲ್ಲಿ ಎಲ್ಲರೂ ಒಂದೇ ಸೂರಿನಡಿ ದುಡಿಯುತ್ತಾರೆ. ಗಂಡಸು ಕುಣಿಮಗ್ಗದಲ್ಲಿ ಇಳಿದು ಕೂತು ಲಾಳಿ ಎಸೆದರೆ, ಹೆಂಗಸರು, ಮಕ್ಕಳು ಪಕ್ಕದಲ್ಲೇ ರಾಟೆ ತಿರುವಿ ಕಂಡಿಕೆ ಸುತ್ತುತ್ತಾರೆ. ಕೀರ್ತನೆ ಕಲಿಯಲು ಬೇರೆ ವೇಳೆ ಹುಡುಕಬೇಕಿರಲಿಲ್ಲ. ಮಗ್ಗದ ಸದ್ದಿಗೇ ತಾಳ ಹಾಕಿಕೊಂಡು ಅಜ್ಜಿ ಒಂದು ಸಾಲು ಹೇಳುವಳು, ಮೊಮ್ಮಗ ಅದನ್ನೇ ಹಿಡಿಯುವನು.

ದೀಪ ಹಚ್ಚಿದ ಮೇಲೆ ಮನೆಪ್ರಾರ್ಥನೆ. ಇದು ನಮ್ಮ ಭಾಗದ ಹಿರಿಯರೆಲ್ಲ ಕಂಡದ್ದೇ. ಮನೆಯ ಯಜಮಾನ ಸತ್ಯವೇದದ ಒಂದು ಅಧ್ಯಾಯ ಓದಬೇಕು. ಕಣ್ಣು ಮಂಜಾದ ಮೇಲೆ ಆ ಕೆಲಸ ಶಾಲೆಗೆ ಹೋಗುವ ಮಗುವಿಗೆ. ತಪ್ಪು ಓದಿದರೆ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಮ್ಮ ಅಲ್ಲಿಂದಲೇ ತಿದ್ದುವಳು. ಎಷ್ಟೋ ಮನೆಗಳಲ್ಲಿ ಆ ತಾಯಿಗೆ ಅಕ್ಷರ ಬರುತ್ತಿರಲಿಲ್ಲ, ಕೇಳಿ ಕೇಳಿಯೇ ಬಾಯಿಪಾಠವಾಗಿತ್ತು. ಪೌಲನು ತಿಮೊಥೆಯನಿಗೆ ಬರೆಯುವಾಗ ಅವನ ಅಜ್ಜಿಯನ್ನೂ ತಾಯಿಯನ್ನೂ ಹೆಸರು ಹಿಡಿದು ನೆನೆದದ್ದು ಇಂಥವರನ್ನು ಬಲ್ಲವರಿಗೆ ಬೇಗ ಅರ್ಥವಾಗುತ್ತದೆ.

ಆ ಓದು ಕನ್ನಡದ್ದಾಗಿತ್ತು ಎಂಬುದನ್ನು ಮರೆಯಬಾರದು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೂತು, 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಸಿಗುವಂತೆ ಮಾಡಿದರು. ಬಾಸೆಲ್ ಮಿಶನ್ನಿನ ಕಿಟೆಲರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲೇ 'ಕಥಾಮಾಲೆ'ಯಾಗಿ ಹೆಣೆದರು. ಅವರ ನಿಘಂಟು ಬಂದದ್ದು 1894ರಲ್ಲಿ. ರನ್ನನನ್ನು ಹೆತ್ತ ಮುಧೋಳದ ಮಣ್ಣಿನಲ್ಲಿ ಕೂತು ಈ ಮಾತು ಬರೆಯುವಾಗ ಹೆಮ್ಮೆಯೆನಿಸುತ್ತದೆ: ನಮಗೆ ದೇವರ ವಾಕ್ಯ ಪರಭಾಷೆಯಾಗಿ ಬರಲಿಲ್ಲ.

ಈ ಹೆಮ್ಮೆಗೆ ದೊಡ್ಡ ಸಾಕ್ಷಿ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಸೇವೆಗೆ ನಿಂತು, ಊರೂರು ತಿರುಗುತ್ತ ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. ತಮ್ಮನ್ನು 'ತಿರುಳ್ಗನ್ನಡದ ತಿರುಕ' ಎಂದು ಕರೆದುಕೊಂಡರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸುವಾರ್ತೆ ಸಾರುವ ಪಾದ್ರಿ ವಚನಗಳ ಮುಂದೆ ಭಕ್ತಿಯಿಂದ ಕೂರಬಲ್ಲ, ಅದರಿಂದ ಅವನ ಕ್ರಿಸ್ತಭಕ್ತಿ ಎಳ್ಳಷ್ಟೂ ಕುಂದುವುದಿಲ್ಲ ಎಂಬುದನ್ನು ಅವರು ಬಾಳಿ ತೋರಿಸಿದರು. ನಮ್ಮ ಸಂಡೇ ಸ್ಕೂಲಿನ ಮಕ್ಕಳಿಗೆ ದಾವೀದ, ದಾನಿಯೇಲರ ಕಥೆ ಗೊತ್ತು, ಉತ್ತಂಗಿಯವರ ಹೆಸರು ಗೊತ್ತಿಲ್ಲ. ಇದು ನೋವಿನ ಸಂಗತಿ.

ಸಭೆಗಳಿಗೆ ಒಮ್ಮೆ ಕಠಿಣ ಪರೀಕ್ಷೆಯೂ ಬಂತು. 1914ರಲ್ಲಿ ಮಹಾಯುದ್ಧ ಹತ್ತಿಕೊಂಡಾಗ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಸರ್ಕಾರ ಹಿಡಿದಿಟ್ಟು, ಆಮೇಲೆ ಅವರ ದೇಶಕ್ಕೆ ಕಳಿಸಿಬಿಟ್ಟಿತು. ಹೊರಗಿನ ಆಸರೆ ತಪ್ಪಿತು. ಆಗ ಆರಾಧನೆ ನಿಲ್ಲದಂತೆ ನೋಡಿಕೊಂಡವರು ಇಲ್ಲಿಯ ಉಪದೇಶಕರು, ಸಭೆಯ ಹಿರಿಯರು, ಆ ಮನೆಪ್ರಾರ್ಥನೆಯಲ್ಲಿ ಬೆಳೆದವರು. ಮುಂಬಯಿ ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳು ದಕ್ಷಿಣ ಭಾರತ ಸಭೆಗೆ ಸೇರಿದ್ದು ಬಹಳ ತಡವಾಗಿ. ತಮ್ಮ ಕಾಲ ಮೇಲೆ ನಿಂತ ಜನ ಇವರು.

ಇಂದಿನ ಪರೀಕ್ಷೆ ಬೇರೆ ಬಗೆಯದು. ಬೀಳಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದವು. ಒಂದೇ ಓಣಿಯಲ್ಲಿದ್ದವರು ಬೇರೆ ಬೇರೆ ಪುನರ್ವಸತಿ ಕೇಂದ್ರ ಸೇರಿದರು. ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮಿನ ಗದ್ದಲದಲ್ಲಿ ಕೀರ್ತನೆಯಿರಲಿ, ಪಕ್ಕದವರ ಮಾತೂ ಕೇಳಿಸದು. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಪಾಳಿಗೆ ಭಾನುವಾರವೆಂಬುದಿಲ್ಲ. ಓದಿದ ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ. ಇದ್ಯಾವುದೂ ಅವರ ತಪ್ಪಲ್ಲ. ಕ್ರಿಸ್ಮಸ್ಸಿಗೆ ಊರಿಗೆ ಬರುತ್ತಾರೆ, ರಾತ್ರಿ ಹಾರ್ಮೋನಿಯಂ, ತಬಲಾ ಹೊತ್ತುಕೊಂಡು ಮನೆಮನೆಗೆ ಹೋಗುವ ಹಾಡಿನ ಗುಂಪಿನಲ್ಲಿ ಮುಂದೆ ನಿಲ್ಲುತ್ತಾರೆ, ಕರ್ಚಿಕಾಯಿ ತಿಂದು ನಲಿಯುತ್ತಾರೆ. ಭಕ್ತಿ ಇದೆ. ಆದರೆ ಅವರ ಮಕ್ಕಳ ಕೈಗೆ ಕನ್ನಡ ಸತ್ಯವೇದ ಕೊಟ್ಟು ಒಂದು ವಾಕ್ಯ ಓದು ಅಂದರೆ ತಡವರಿಸುತ್ತವೆ. ಇಂಗ್ಲಿಷಿನಲ್ಲಿ ಓದಿದರೂ ದೇವರು ಕೇಳುತ್ತಾನೆ, ಅದರಲ್ಲಿ ಸಂಶಯವಿಲ್ಲ. ಅಜ್ಜಿಯೂ ಮೊಮ್ಮಗಳೂ ಒಂದೇ ಚಾಪೆ ಮೇಲೆ ಕೂತು ಒಟ್ಟಿಗೆ ಪ್ರಾರ್ಥಿಸುವ ದಾರಿ ಮಾತ್ರ ಮುಚ್ಚಿಹೋಗುತ್ತದೆ. ತಲೆಮಾರಿನಿಂದ ತಲೆಮಾರಿಗೆ ಬಲ ಇಳಿದು ಬಂದದ್ದು ಆ ಚಾಪೆಯ ಮೇಲೆಯೇ.

ಚರ್ಚಿಗೆ ಹೊಸ ಗೋಪುರ, ಟೈಲ್ಸು, ಸ್ಪೀಕರ್ ಬೇಡವೆನ್ನುವುದಿಲ್ಲ. ಅದಕ್ಕೆ ಹಣ ಕೂಡಿಸುವ ಹುಮ್ಮಸ್ಸಿನ ಕಾಲುಭಾಗ ಈ ಓದನ್ನೂ ಚರಿತ್ರೆಯನ್ನೂ ಉಳಿಸುವ ಕೆಲಸಕ್ಕೆ ಸಿಕ್ಕರೆ ಸಾಕು. ಹಳೆಯ ಮನೆಗಳಲ್ಲಿ ಸತ್ಯವೇದದ ಮೊದಲ ಖಾಲಿ ಹಾಳೆಯಲ್ಲಿ ಹುಟ್ಟಿದ ದಿನ, ದೀಕ್ಷಾಸ್ನಾನ, ಮದುವೆ, ತೀರಿಕೊಂಡ ದಿನಗಳನ್ನು ಬರೆದಿಡುತ್ತಿದ್ದರು. ಬೇರೆ ಬೇರೆ ಮಸಿ, ಬೇರೆ ಬೇರೆ ಕೈಬರಹ. ಕೆಲವೆಡೆ ಮೋಡಿ ಅಕ್ಷರವೂ ಉಂಟು. ಅಂಥ ಪುಸ್ತಕಗಳು ಹುಳ ಹಿಡಿಯುವ ಮೊದಲು ಆ ಹಾಳೆಯ ಫೋಟೋ ತೆಗೆದಿಡಿ. ಸಭೆಯ ದೀಕ್ಷಾಸ್ನಾನದ ರಿಜಿಸ್ಟರುಗಳನ್ನೂ ಹಾಗೆಯೇ ಕಾಪಾಡಿ. ಮಿಶನ್ನಿನ ವಾರ್ಷಿಕ ವರದಿಗಳು, ಹಳೆಯ ಫೋಟೋಗಳು ಬಾಸೆಲ್ ನಗರದ ದಫ್ತರದಲ್ಲಿವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲೂ ಹಳೆಯ ಕನ್ನಡ ಕ್ರೈಸ್ತ ಪುಸ್ತಕಗಳಿವೆ. ನಮ್ಮ ಯುವಕರಲ್ಲಿ ಒಬ್ಬಿಬ್ಬರಾದರೂ ಅಲ್ಲಿಗೆ ಹೋಗಿ ನೋಡಿ ಬರಲಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ತಾಯಿತಂದೆಯರಲ್ಲಿ, ಅಜ್ಜ-ಅಜ್ಜಿಯರಲ್ಲಿ ಕೈಮುಗಿದು ಕೇಳುವುದು ಇಷ್ಟು: ಇಂದು ರಾತ್ರಿ ಊಟಕ್ಕೆ ಮೊದಲು ಟಿವಿ, ಫೋನು ಬಂದ್ ಮಾಡಿ, ಮನೆಯ ಸಣ್ಣ ಮಗುವಿನ ಕೈಯಲ್ಲಿ ಕನ್ನಡ ಸತ್ಯವೇದ ಕೊಟ್ಟು ಒಂದು ಕೀರ್ತನೆ ಓದಿಸಿರಿ. ತಪ್ಪಿದಲ್ಲಿ ತಿದ್ದಿರಿ. ನಾಳೆಯೂ ಓದಿಸಿರಿ.